ನಂಬಬಾರದ ಕಾಗದಕ್ಕೆ ನಾಲ್ಕು ಗುರುತು

ಆಗಸ್ಟ್ ೩

ಅಕ್ಕಾ,

ನಿನ್ನ ತಂಗಿ ಮೇಷ್ಟ್ರಾಗಿದ್ದಾಳೆ. ನಗುವುದಿದ್ದರೆ ಈಗಲೇ ನಕ್ಕು ಮುಗಿಸು, ಮುಂದೆ ಓದಲು ಬೇಕಾದಷ್ಟಿದೆ.

ವಾರದಲ್ಲಿ ಐದು ದಿನ ವಿಮಾ ಕಂಪನಿಯ ಅದೇ ಹಳೆಯ ಕೆಲಸ. ಯಾವ ಕಚೇರಿಯ ಕಂಪ್ಯೂಟರಿಗೆ ಯಾರು ಹೇಗೆ ಕನ್ನ ಹಾಕಬಹುದು, ಹಾಕಿದರೆ ಎಷ್ಟು ಹಾನಿ ಎಂದು ಅಳೆಯುವುದು. ಶನಿವಾರ ಬೆಳಿಗ್ಗೆ ಮಾತ್ರ ವಿಶ್ವವಿದ್ಯಾಲಯಕ್ಕೆ ಹೋಗಿ ಅದನ್ನೇ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಮಾಡುವುದು. ವಿಷಯದ ಹೆಸರು ಸೈಬರ್ ಅಪಾಯ ನಿರ್ವಹಣೆ. ಅರೆಕಾಲಿಕ ಉಪನ್ಯಾಸಕಿ ಎಂದರೇನು ಎಂದು ಮೊದಲ ದಿನವೇ ಗೊತ್ತಾಯಿತು. ಕೂರಲು ಕುರ್ಚಿ ಕೊಡುತ್ತಾರೆ, ಚೀಲ ಇಡಲು ಖಾನೆ ಕೊಡುವುದಿಲ್ಲ.

ಇಪ್ಪತ್ತಮೂರು ಜನ ಇದ್ದಾರೆ. ಎಲ್ಲರೂ ಪದವಿ ಮುಗಿಸಿ, ಎಲ್ಲೆಲ್ಲೋ ದುಡಿಯುತ್ತ, ಮತ್ತೆ ಓದಲು ಬಂದವರು. ಬ್ಯಾಂಕಿನ ಕೌಂಟರಿನವಳೊಬ್ಬಳು, ಔಷಧದ ಗೋದಾಮಿನವನೊಬ್ಬ, ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆ ಮಾಡುವ ಗಡ್ಡದವನೊಬ್ಬ. ಗಡ್ಡದವನು ಯಾರ ಜೊತೆ ಮಾತಾಡಿದರೂ ಮುಖ ನೋಡುವುದಿಲ್ಲ, ಅವರ ಚೀಲ ನೋಡುತ್ತಾನೆ.

ಮೊದಲ ಪಾಠ ಅಪಾಯದ ಪಟ್ಟಿ. ಐದು ಕಾಲಂ: ಏನು ಕೆಡಬಹುದು, ಕೆಡುವ ಸಂಭವ ಎಷ್ಟು, ಕೆಟ್ಟರೆ ಪೆಟ್ಟು ಎಷ್ಟು, ತಡೆಯಲು ಏನು ಮಾಡಬೇಕು, ಹೊಣೆ ಯಾರದು. ಐದನೆಯದರಲ್ಲಿ ಇಪ್ಪತ್ತಮೂರು ಜನರೂ ಕಣ್ಣು ಮುಚ್ಚಿಕೊಂಡು 'ಐಟಿ ವಿಭಾಗ' ಎಂದು ಬರೆದರು. ನಾನು ಇಪ್ಪತ್ತಮೂರನ್ನೂ ಹೊಡೆದು ಹಾಕಿದೆ. ಅಲ್ಲಿ ಒಬ್ಬ ಮನುಷ್ಯನ ಹೆಸರು ಇರಬೇಕು, ಇಲಾಖೆಗೆ ಕತ್ತು ಇಲ್ಲ, ಹಿಡಿಯಲು ಆಗುವುದಿಲ್ಲ ಎಂದೆ. ತರಗತಿ ನಕ್ಕಿತು. ಮೇಷ್ಟ್ರಿಗೆ ಆ ನಗು ಎಷ್ಟು ರುಚಿ ಎಂದು ನನಗೆ ಈವರೆಗೆ ಗೊತ್ತಿರಲಿಲ್ಲ.

ಆಮೇಲೆ ಮೋಸದ ಪತ್ರದ ಪಾಠ. ಅದಕ್ಕೆ ನಾಲ್ಕು ಗುರುತು: ಅವಸರ ಮಾಡಿಸುತ್ತದೆ, ಹೆದರಿಸುತ್ತದೆ, ದೊಡ್ಡವರ ಹೆಸರು ಹೇಳುತ್ತದೆ, ಯಾರಿಗೂ ಹೇಳಬೇಡ ಅನ್ನುತ್ತದೆ. ಅನುಮಾನ ಬಂದರೆ ಗೊತ್ತಿರುವ ನಂಬರಿಗೆ ಫೋನು ಮಾಡಿ ಕೇಳಬೇಕು. ಇಷ್ಟೇ ವಿದ್ಯೆ. ಇದರ ಮೇಲೊಂದು ಪಂಥವನ್ನೂ ಕಟ್ಟಿದ್ದೇನೆ. ಈ ಅವಧಿ ಮುಗಿಯುವುದರೊಳಗೆ ಯಾರಾದರೂ ಮೋಸದ ಪತ್ರ ಬರೆದು ನನ್ನನ್ನೇ ಬೇಸ್ತು ಬೀಳಿಸಿದರೆ ಹತ್ತಕ್ಕೆ ಹತ್ತು. ಸಿಕ್ಕಿಬಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ, ಅಂಕ ಹಾಕಿ, ವಾಪಸು ಕಳಿಸುತ್ತೇನೆ.

ನಿನಗೆ ಫೋನಿನಲ್ಲಿ ಕೇಳಿಸುವುದಿಲ್ಲ, ಮೊಬೈಲಿಗೆ ಬರೆದರೆ ಒಂದು ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾಗುತ್ತೀಯ. ಆದ್ದರಿಂದ ಎಂದಿನಂತೆ ಕಾಗದ. ಉದ್ದ ಬರೆ.

ನಿನ್ನ ಚೂಟಿ


ಆಗಸ್ಟ್ ೧೭

ಚೂಟಿ,

ನಕ್ಕು ಮುಗಿಸಿದೆ. ಬೆಂಚಿನ ಮೇಲೆ ನಿಂತು ನಿಂತು ಶಾಲೆ ಮುಗಿಸಿದವಳು ಈಗ ಬೇರೆಯವರನ್ನು ನಿಲ್ಲಿಸುವ ಹಂತಕ್ಕೆ ಬಂದೆ. ಸಂತೋಷ. ಗಡ್ಡದವನ ಮೇಲೆ ಕಣ್ಣಿಡು, ಚೀಲ ನೋಡುವವರು ಚತುರರು.

ನಮ್ಮ ಆಸ್ಪತ್ರೆಯಲ್ಲಿ ಕಂಪ್ಯೂಟರು ರಿಪೇರಿಯಂತೆ. ಹನ್ನೊಂದು ದಿನವಾಯಿತು, ಒಂದೂ ಬಾಯಿ ಬಿಡುತ್ತಿಲ್ಲ. ಹಾಗಾಗಿ ನನ್ನ ದಾಖಲೆ ಕೋಣೆಗೆ ರಾಜಯೋಗ ಬಂದಿದೆ. ಮೂರು ವರ್ಷದ ಹಿಂದೆ ಹಳೆಯ ರಟ್ಟಿನ ಕಾರ್ಡುಗಳನ್ನೆಲ್ಲ ತೂಕಕ್ಕೆ ಹಾಕಿ ಎಂದು ಆಜ್ಞೆ ಬಂದಿದ್ದು ನೆನಪಿದೆಯಾ? ಹಾಕಿರಲಿಲ್ಲ. ಹಿಂದಿನ ಸಾಲಿನಲ್ಲಿ ಎಕ್ಸ್‌ರೇ ಚೀಲಗಳ ಕೆಳಗೆ ಮುಚ್ಚಿಟ್ಟಿದ್ದೆ, ಹೊಸ ರೋಗಿಗಳ ಕಾರ್ಡನ್ನೂ ಸುಮ್ಮನೆ ಬರೆದು ಸೇರಿಸುತ್ತಿದ್ದೆ. ಈಗ ದೊಡ್ಡ ದೊಡ್ಡ ಡಾಕ್ಟರುಗಳು ನನ್ನ ಕಿಟಕಿಯ ಮುಂದೆ ಸಾಲು ನಿಂತಿದ್ದಾರೆ. ಕಿಟಕಿಗೆ ದಾರದಲ್ಲಿ ಕಟ್ಟಿದ ಪೆನ್ನು, ಪಕ್ಕದಲ್ಲಿ ಒಂದು ಪ್ಯಾಡು, ಮೇಲೆ 'ಬರೆದು ಕೊಡಿ' ಎಂಬ ಬೋರ್ಡು. ಗೊತ್ತಲ್ಲ, ಬಾಯಿಮಾತಿಗೆ ನನ್ನಲ್ಲಿ ಕಡತ ಸಿಗುವುದಿಲ್ಲ. ಮೊನ್ನೆ ಹೃದಯದ ಡಾಕ್ಟರು ಗೀಚಿದ್ದನ್ನು ನೋಡಿ "ಇದು ಹೆಸರೋ, ಇಸಿಜಿಯೋ?" ಅಂತ ಕೇಳಿದೆ. ಎರಡನೇ ಸಲ ಅಚ್ಚಿನ ಹಾಗೆ ಬರೆದರು.

ಒಂದು ವಿಷಯ ಕೇಳುವುದಿತ್ತು. ನನ್ನ ಪಕ್ಕದ ಮನೆಯವಳು ಒಂದು ಕಚೇರಿಯಲ್ಲಿದ್ದಾಳೆ. ಮೇಲಧಿಕಾರಿಯ ಹೆಸರಿನಲ್ಲಿ ಅವಳಿಗೊಂದು ಇ-ಮೇಲ್ ಬಂತಂತೆ, ಜೊತೆಗಿದ್ದ ಕಡತವನ್ನು ತೆರೆದಳಂತೆ. ಅದು ಮೋಸದ್ದು. ಕಚೇರಿಗೆ ತೊಂದರೆಯಾಯಿತು. ಈಗ 'ಎಲ್ಲ ನನ್ನದೇ ತಪ್ಪು' ಎಂಬ ಕಾಗದಕ್ಕೆ ಸಹಿ ಹಾಕು ಅನ್ನುತ್ತಿದ್ದಾರಂತೆ. ಹಾಕಿದರೆ ಸದ್ದಿಲ್ಲದೆ ನಿವೃತ್ತಿ, ಹಾಕದಿದ್ದರೆ ವಿಚಾರಣೆ. ನಿನ್ನ ಐದು ಕಾಲಮ್ಮಿನ ಪಟ್ಟಿಯಲ್ಲಿ ಇಂಥವಳು ಯಾವ ಕಾಲಮ್ಮಿಗೆ ಬರುತ್ತಾಳೆ? ಸಹಿ ಹಾಕಬೇಕೋ ಬೇಡವೋ? ಪಾಪ, ಊಟ ಸೇರುತ್ತಿಲ್ಲ ಅವಳಿಗೆ.

ಅಕ್ಕ


ಆಗಸ್ಟ್ ೩೧

ಅಕ್ಕಾ,

ನಿನ್ನ ರಾಜ್ಯಭಾರದ ವರ್ಣನೆಯನ್ನು ಎರಡು ಸಲ ಓದಿದೆ. ಆದರೆ ಹನ್ನೊಂದು ದಿನ ರಿಪೇರಿ ಎಂದರೆ ಏನು ರಿಪೇರಿ ಅದು? ರಿಪೇರಿಯವನನ್ನು ಮೊದಲು ಬದಲಾಯಿಸಲು ಹೇಳು.

ಇಲ್ಲಿ ಪಂಥ ಜೋರಾಗಿದೆ. ಬ್ಯಾಂಕಿನವಳು ಗ್ರಂಥಾಲಯದ ಹೆಸರಿನಲ್ಲಿ ನನಗೆ ದಂಡದ ನೋಟೀಸು ಕಳಿಸಿದಳು. ನಾನು ಆ ಗ್ರಂಥಾಲಯಕ್ಕೆ ಕಾಲಿಟ್ಟೇ ಇಲ್ಲ, ಹತ್ತಕ್ಕೆ ಮೂರು. ಗೋದಾಮಿನವನು ನನ್ನ ಕಂಪನಿಯ ಬಾಸಿನ ಹೆಸರಿನಲ್ಲಿ ನನ್ನನ್ನು ಹೊಗಳಿ ಬರೆದ. ಆ ಮನುಷ್ಯ ಹೊಗಳಿದಾಗಲೇ ಅನುಮಾನ ಬಂತು, ಹತ್ತಕ್ಕೆ ಐದು. ಗಡ್ಡದವನು ಇನ್ನೂ ಏನೂ ಕಳಿಸಿಲ್ಲ, ಸುಮ್ಮನೆ ನೋಡುತ್ತಾನೆ. ಅವನದೇ ಭಯ ನನಗೆ.

ನಿನ್ನ ಪಕ್ಕದ ಮನೆಯವಳಿಗೆ ಹೇಳು: ಇಂಥವರನ್ನು ನಮ್ಮಲ್ಲಿ ಸರಪಳಿಯ ಸಡಿಲ ಕೊಂಡಿ ಅನ್ನುತ್ತೇವೆ. ಲಕ್ಷಗಟ್ಟಲೆ ಸುರಿದು ಬೀಗ ಮಾಡಿಸಿರುತ್ತಾರೆ, ಒಬ್ಬಳು ಹೋಗಿ ಬಾಗಿಲು ತೆಗೆದುಬಿಡುತ್ತಾಳೆ. ಫೋನು ಮಾಡಿ "ಸಾರ್, ಇದು ನೀವು ಕಳ್ಸಿದ್ದಾ?" ಅಂತ ಒಂದು ಮಾತು ಕೇಳುವುದಕ್ಕೆ ಏನಾಗಿತ್ತು? ಎರಡು ನಿಮಿಷದ ಕೆಲಸ. ಅದನ್ನು ಮಾಡದಿರುವುದಕ್ಕೆ ಸೋಮಾರಿತನ ಬಿಟ್ಟು ಬೇರೆ ಕಾರಣ ನಾನಂತೂ ಕಂಡಿಲ್ಲ. ತಪ್ಪು ಮಾಡಿದ್ದರೆ ಸಹಿ ಹಾಕಲಿ. ಒಪ್ಪಿಕೊಂಡವರ ಮೇಲೆ ಯಾರೂ ಹೆಚ್ಚು ಹೊತ್ತು ಕೂಗಾಡುವುದಿಲ್ಲ. ಶನಿವಾರ ಈ ಕಥೆಯನ್ನು ತರಗತಿಯಲ್ಲೂ ಹೇಳಿದೆ, ಹೆಸರಿಲ್ಲದೆ. ಚೆನ್ನಾಗಿ ನಕ್ಕರು.

ನಿನ್ನ ಕಿವಿಯ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿದೆಯಾ?

ಚೂಟಿ


ಸೆಪ್ಟೆಂಬರ್ ೧೪

ಚೂಟಿ,

ಪಕ್ಕದ ಮನೆಯವಳಿಗೆ ನಿನ್ನ ಕಾಗದ ಓದಿ ಹೇಳಿದೆ. ಅವಳು ಎದ್ದು ಹೋದಳು.

ಬ್ಯಾಟರಿ ಹಾಕಿಸಿದ್ದೇನೆ. ಕಂಪ್ಯೂಟರು ಸರಿಹೋಯಿತು. ಕೆಲಸ ಬಹಳ ಇದೆ.

ಅಕ್ಕ


ಅಕ್ಟೋಬರ್ ೫

ಅಕ್ಕಾ,

ನಾಲ್ಕು ಸಾಲಿನ ಕಾಗದ ಬರೆಯುವವಳಲ್ಲ ನೀನು. ಯಾಕೆ ಕೋಪ ಎಂದು ನನಗೆ ಗೊತ್ತು. ಗಣೇಶನ ಹಬ್ಬಕ್ಕೆ ಬರುತ್ತೇನೆ ಎಂದವಳು ಬರದೆ, ಪಾಠ ಹಿಡಿದುಕೊಂಡು ಕೂತೆ. ಡಿಸೆಂಬರಿನಲ್ಲಿ ಬರುತ್ತೇನೆ, ಬೈದು ಬಿಡು. ಈಗ ನನ್ನ ಕಥೆ ಕೇಳು. ಇದನ್ನು ಓದಿ ನೀನು ನಗದಿದ್ದರೆ ನಿಜವಾಗಿ ಕೋಪ ಎಂದು ತಿಳಿಯುತ್ತೇನೆ.

ಕಳೆದ ತಿಂಗಳು ವಿದ್ಯಾರ್ಥಿಗಳಿಗೆ ನಮ್ಮ ವಿಶ್ವವಿದ್ಯಾಲಯದ ಅಪಾಯದ ಪಟ್ಟಿಯನ್ನೇ ಮಾಡಿ ಎಂದಿದ್ದೆ. ಯಾರೂ ಕಳ್ಳದಾರಿ ಹಿಡಿಯಲಿಲ್ಲ, ಎಲ್ಲರೂ ಹೋಗಬಹುದಾದ ಜಾಗಕ್ಕೆ ಹೋಗಿ ಕಣ್ಣು ಬಿಟ್ಟು ನೋಡಿದರು, ಅಷ್ಟೇ. ಪರೀಕ್ಷಾ ವಿಭಾಗದ ಕೌಂಟರಿನ ಹಿಂದೆ ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾರೆ. ಅಂಕ ತಿದ್ದುವ ಕಂಪ್ಯೂಟರಿನ ಪಾಸ್‌ವರ್ಡು ಅದರಲ್ಲಿ ದಪ್ಪ ಅಕ್ಷರದಲ್ಲಿದೆ, ಶುಲ್ಕ ಕಟ್ಟಲು ನಿಂತವರಿಗೆಲ್ಲ ಕಾಣುತ್ತದೆ. ಪಟ್ಟಿಯಲ್ಲಿ ಬರೆದರು. ಐದನೆಯ ಕಾಲಮ್ಮಿನಲ್ಲಿ, ನಾನು ಕಲಿಸಿದಂತೆ, ಪರೀಕ್ಷಾ ವಿಭಾಗದ ಮುಖ್ಯಸ್ಥರ ಹೆಸರು ಹಾಕಿದರು. ನಾನು ಅದನ್ನು ಅವರಿಗೇ ಕಳಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹಾಳೆ ತೆಗೆಯುವ ಬದಲು ಪಟ್ಟಿ ವಾಪಸು ತೆಗೆದುಕೊಳ್ಳಿ ಎಂದರು. ನಾನು ಆಗುವುದಿಲ್ಲ ಎಂದೆ.

ನಾಲ್ಕು ದಿನದ ಮೇಲೆ ನನಗೊಂದು ಇ-ಮೇಲ್. ಕುಲಸಚಿವರ ಹೆಸರಿನಲ್ಲಿ. 'ಅತಿ ತುರ್ತು. ಇಪ್ಪತ್ತನಾಲ್ಕು ಗಂಟೆಯೊಳಗೆ ಕೆಳಗಿನ ಕೊಂಡಿಯನ್ನು ಒತ್ತಿ ವಿವರಣೆ ಸಲ್ಲಿಸದಿದ್ದಲ್ಲಿ ತಮ್ಮ ಗುತ್ತಿಗೆ ರದ್ದಾಗುವುದು. ವಿಷಯವನ್ನು ಯಾರೊಂದಿಗೂ ಚರ್ಚಿಸತಕ್ಕದ್ದಲ್ಲ.' ನಾಲ್ಕು ಗುರುತೂ ಸಾಲಾಗಿ ನಿಂತಿದ್ದವು. ಗಡ್ಡದವನು ಕೊನೆಗೂ ಬಲೆ ಬೀಸಿದ ಎಂದು ಖುಷಿಯಾಯಿತು. ಅಚ್ಚು ಹಾಕಿ, ಕೆಂಪು ಪೆನ್ನಿನಲ್ಲಿ ತಿದ್ದಿ, ಫೋಟೋ ತೆಗೆದು, ಬಂದ ವಿಳಾಸಕ್ಕೇ ಕಳಿಸಿದೆ. ಕೆಳಗೆ ಷರಾ ಬರೆದೆ: 'ನಾಲ್ಕೂ ಗುರುತು ಇವೆ, ಆದರೆ ಅತಿಯಾಯಿತು. ನಿಜವಾದ ಕಚೇರಿ ಇಷ್ಟು ಕೆಟ್ಟದಾಗಿ ಬೆದರಿಸುವುದಿಲ್ಲ. ಇನ್ನಷ್ಟು ಸಹಜವಾಗಿ ಬರೆಯಲು ಅಭ್ಯಾಸ ಮಾಡಿ. ಹತ್ತಕ್ಕೆ ನಾಲ್ಕು.'

ಅದು ಕುಲಸಚಿವರೇ ಬರೆದದ್ದು.

ಶನಿವಾರ ಗಡ್ಡದವನನ್ನು ಕೇಳಿದರೆ, "ಮೇಡಂ, ನಾನಲ್ಲ. ನಾನು ಬರ್ದಿದ್ರೆ ಇನ್ನೂ ನೀಟಾಗಿ ಬರೀತಿದ್ದೆ" ಅಂದ. ಇದೇ ಹದಿನೇಳಕ್ಕೆ ಸಮಿತಿಯ ಮುಂದೆ ಹಾಜರಾಗಬೇಕು. ಕ್ಷಮಾಪಣೆ ಬರೆದುಕೊಟ್ಟು ಪಟ್ಟಿ ಹಿಂತೆಗೆದುಕೊಂಡರೆ ಮುಂದಿನ ಅವಧಿಗೂ ಕೆಲಸ, ಇಲ್ಲದಿದ್ದರೆ ಮನೆ. ನಾನು ಬರೆದುಕೊಡುವುದಿಲ್ಲ. ಬೀರುವಿನ ಹಾಳೆ ಇವತ್ತಿಗೂ ಅಲ್ಲೇ ಇದೆ, ನಿನ್ನೆ ನೋಡಿಕೊಂಡು ಬಂದೆ.

ಚೂಟಿ


ಅಕ್ಟೋಬರ್ ೧೧

ಚೂಟಿ,

ನಕ್ಕೆ. ಎರಡು ತಿಂಗಳಿಂದ ನಕ್ಕಿರಲಿಲ್ಲ, ದಾಖಲೆ ಕೋಣೆಯಲ್ಲಿ ಒಬ್ಬಳೇ ಕೂತು ನಕ್ಕಿದ್ದಕ್ಕೆ ಹೆಡ್ ನರ್ಸು ಬಂದು ಹಣೆ ಮುಟ್ಟಿ ನೋಡಿದಳು. ನಕ್ಕ ಮೇಲೆ ಸುಳ್ಳು ಹೇಳಿಕೊಂಡಿರುವುದು ಕಷ್ಟವಾಯಿತು. ನನ್ನ ಪಕ್ಕದ ಮನೆ ಖಾಲಿಯಿದೆ ಚೂಟಿ, ವರ್ಷದಿಂದ ಬೀಗ. ಆ ಹೆಂಗಸು ನಾನು.

ಬೆಳಿಗ್ಗೆ ಹತ್ತೂಕಾಲಿಗೆ ಬಂತು, ಅಧೀಕ್ಷಕರ ಹೆಸರಿನಲ್ಲಿ. 'ರೋಗಿ ಆಪರೇಷನ್ ಮೇಜಿನ ಮೇಲಿದ್ದಾನೆ. ಇದರ ಜೊತೆಗಿರುವ ಕಡತ ತೆರೆದು ರಕ್ತದ ಗುಂಪು ತಾಳೆ ನೋಡಿ. ತಡವಾದರೆ ಜೀವಕ್ಕೆ ಅಪಾಯ. ಮನೆಯವರಿಗೆ ಗೊತ್ತಾಗಬಾರದು, ಯಾರಿಗೂ ಹೇಳಬೇಡಿ.' ನಿನ್ನ ನಾಲ್ಕು ಗುರುತು ನಿನ್ನ ಕಾಗದ ಬರುವ ಮೊದಲೇ ನನಗೆ ಕಂಡಿದ್ದವು. ಅನುಮಾನ ಬಂತು. ಆಪರೇಷನ್ ಕಟ್ಟಡ ರಸ್ತೆಯಾಚೆ ಇದೆ, ಒಳಗೆ ಬಿಡುವುದಿಲ್ಲ. ಉಳಿದದ್ದು ಮೇಜಿನ ಮೇಲಿನ ಫೋನು. ನನ್ನ ಪರವಾಗಿ ಫೋನು ತೆಗೆಯುವ ಹುಡುಗಿ ಅವತ್ತು ರಜ. ನಾನು ಫೋನು ಎತ್ತಿದೆ, ನಂಬರು ಒತ್ತಿದೆ, ಯಾರೋ ಏನೋ ಅಂದರು. ಅಂದರು ಎಂದು ಮಾತ್ರ ಗೊತ್ತಾಯಿತು. ಇಟ್ಟೆ. ಒಬ್ಬ ಮನುಷ್ಯ ಮೇಜಿನ ಮೇಲೆ ಮಲಗಿದ್ದಾನೆ ಎಂದುಕೊಂಡು ಕಡತ ತೆರೆದೆ.

ಎರಡು ನಿಮಿಷದ ಕೆಲಸ ಅಂದೆ ನೀನು. ಸೋಮಾರಿತನ ಅಂದೆ. ಮೂವತ್ತು ವರ್ಷದಿಂದ ನನಗೆ ಕಾಗದ ಬರೆಯುತ್ತಿದ್ದೀಯ. ಯಾಕೆ ಬರೆಯುತ್ತೀಯ ಎಂಬುದನ್ನು ಮರೆತೆಯಾ? ಪಾಠದಲ್ಲಿ ನನ್ನ ಕಥೆ ಹೇಳಿ ನಗಿಸಿದೆಯಂತೆ. ಆ ಸಾಲನ್ನು ಓದಿದ ದಿನ ನಿನ್ನ ಮೇಲೆ ಬಂದ ಸಿಟ್ಟು ಕಂಪ್ಯೂಟರಿಗೆ ಕನ್ನ ಹಾಕಿದವರ ಮೇಲೂ ಬಂದಿರಲಿಲ್ಲ.

ಇನ್ನೂ ಒಂದು ಮಾತು. ಫೋನಿನಲ್ಲಿ ನನಗೆ ಕೇಳಿಸುವುದಿಲ್ಲ, ಇಂಥ ಸಂದರ್ಭದಲ್ಲಿ ಖಚಿತ ಮಾಡಿಕೊಳ್ಳಲು ಬೇರೆ ದಾರಿ ಮಾಡಿಕೊಡಿ ಎಂದು ಎರಡು ವರ್ಷದ ಹಿಂದೆ ಅರ್ಜಿ ಕೊಟ್ಟಿದ್ದೆ. ಕಳೆದ ವರ್ಷ ಮತ್ತೊಂದು. ಎರಡಕ್ಕೂ ಉತ್ತರವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕಂಪ್ಯೂಟರು ನಿಂತಿದ್ದಷ್ಟು ದಿನವೂ ಆಸ್ಪತ್ರೆಯನ್ನು ನಡೆಸಿದ್ದು ನಾನು ಮುಚ್ಚಿಟ್ಟಿದ್ದ ಕಾರ್ಡುಗಳು, ಅದರ ಬಗ್ಗೆ ಯಾರ ಬಾಯಲ್ಲೂ ಮಾತಿಲ್ಲ. ಹೊಣೆಯ ಕಾಲಮ್ಮಿನಲ್ಲಿ ಒಬ್ಬ ಮನುಷ್ಯನ ಹೆಸರಿರಬೇಕು ಅಂದಿದ್ದೆಯಲ್ಲ. ಇವರೂ ನಿನ್ನ ಹತ್ತಿರ ಪಾಠ ಹೇಳಿಸಿಕೊಂಡವರಂತೆ ಬರೆದಿದ್ದಾರೆ. ನನ್ನ ಹೆಸರು.

ನವೆಂಬರ್ ಐದಕ್ಕೆ ಸಹಿ. ಹಾಕಿಬಿಡುತ್ತೇನೆ. ಸಾಕಾಗಿದೆ. ಆ ದಿನದಿಂದ ಮೊಬೈಲನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ, ಯಾವ ಪರದೆಯ ಮೇಲೆ ಬಂದದ್ದನ್ನೂ ಓದಲು ಧೈರ್ಯವಿಲ್ಲ.

ಅಕ್ಕ


ಅಕ್ಟೋಬರ್ ೧೯

ಅಕ್ಕಾ,

ಸಹಿ ಹಾಕಬೇಡ.

ಮೊದಲು ಇದನ್ನು ಬರೆದೆ, ಉಳಿದದ್ದನ್ನು ಆಮೇಲೆ ಓದು. ನಾನು ಕೊಟ್ಟ ಸಲಹೆ ತಪ್ಪು. ಆಡಿದ ಮಾತು ಅದಕ್ಕಿಂತ ಕೆಟ್ಟದ್ದು. ದೀಪದ ಬುಡದಲ್ಲಿ ಕತ್ತಲೆ ಎಂದು ಜನ ಸುಮ್ಮನೆ ಹೇಳಿಲ್ಲ. ಹನ್ನೊಂದು ದಿನ ಆಸ್ಪತ್ರೆಯ ಕಂಪ್ಯೂಟರು ನಿಂತಿದೆ ಎಂದು ನೀನು ಬರೆದಾಗ, ದಿನಾ ಅದೇ ಕಸುಬು ಮಾಡುವ ನನಗೆ ಹೊಳೆಯಬೇಕಿತ್ತು. ರಿಪೇರಿಯವನನ್ನು ಬದಲಾಯಿಸು ಎಂದೆ. ನಾಚಿಕೆಯಿಂದ ಆ ಕಾಗದದ ನೆನಪೂ ಬೇಡವಾಗಿದೆ.

ಹದಿನೇಳಕ್ಕೆ ಸಮಿತಿಯ ಮುಂದೆ ಹೋದೆ. ಉದ್ದದ ಮೇಜು, ಐದು ಜನ, ನನಗೊಂದು ಕೈಯಿಲ್ಲದ ಕುರ್ಚಿ. ನಿನ್ನ ಕಾಗದ ಹಿಂದಿನ ದಿನ ಬಂದಿತ್ತು, ಚೀಲದಲ್ಲಿತ್ತು. ಕುಲಸಚಿವರು ಕೇಳಿದರು, "ಒಂದು ಫೋನ್ ಮಾಡಿ ಕೇಳ್ಬಹುದಿತ್ತಲ್ಲ? ಎರಡು ನಿಮಿಷದ ಕೆಲ್ಸ." ನನ್ನ ಮಾತನ್ನೇ ನನ್ನ ಮುಖಕ್ಕೆ ಎಸೆದಂತಾಯಿತು. ನನಗೆ ಕಿವಿ ಕೇಳಿಸುತ್ತದೆ, ಫೋನು ಕೈಯಲ್ಲೇ ಇತ್ತು, ನಾನು ಮಾಡಲಿಲ್ಲ. ಸೋಮಾರಿತನ ಎಂಬ ಮಾತು ಯಾರಿಗಾದರೂ ಒಪ್ಪುವುದಿದ್ದರೆ ನನಗೆ. ಎದ್ದು ನಿಂತು, "ಖಚಿತ ಮಾಡಿಕೊಳ್ಳದೆ ಅಂಕ ಹಾಕಿದ್ದು ನನ್ನ ತಪ್ಪು, ಕ್ಷಮಿಸಿ" ಎಂದೆ. ಪಟ್ಟಿ ಹಿಂತೆಗೆಯುತ್ತೀರಾ ಎಂದರು. "ಬೀರು ಬಾಗ್ಲಲ್ಲಿರೋ ಹಾಳೆ ಮೊದ್ಲು ತೆಗೀರಿ, ಆಮೇಲೆ ಮಾತಾಡೋಣ" ಎಂದೆ. ಈ ಅವಧಿಯ ಪಾಠ ಮುಗಿಸಬಹುದು, ಮುಂದಿನದು ಇಲ್ಲ. ಆಗಲಿ. ಕಾಲಿಡಲು ಜಾಗವಿಲ್ಲದ ಆ ಸಿಬ್ಬಂದಿ ಕೋಣೆಯ ಕುರ್ಚಿಗಾಗಿ ನಾನು ಅಳುವುದಿಲ್ಲ.

ನಿನ್ನೆ ತರಗತಿಯಲ್ಲಿ ನಿನ್ನ ಕಥೆಯನ್ನು ಮತ್ತೆ ಹೇಳಿದೆ, ಈ ಸಲ ಪೂರ್ತಿ, ನನ್ನ ಅಕ್ಕ ಎಂದು ಹೇಳಿಯೇ. ಹಿಂದಿನ ಸಲ ನಿಮ್ಮನ್ನು ನಗಿಸಿದ್ದು ನನ್ನ ತಪ್ಪು ಎಂದೆ. ಗಡ್ಡದವನು ಕೇಳಿದ, "ಹಾಗಾದ್ರೆ ಐದನೇ ಕಾಲಮ್ಮಿಗೆ ಯಾರ ಹೆಸ್ರು ಬರೀಬೇಕು ಮೇಡಂ?" ನಾನು ಸರಿಯಾಗಿ ಕಲಿಸಿರಲಿಲ್ಲ ಅಕ್ಕಾ. ಆ ಹೆಸರನ್ನು ಕೆಡುವುದಕ್ಕೆ ಮೊದಲು ಬರೆಯಬೇಕು, ಮತ್ತು ಅದು ಸರಿಪಡಿಸುವ ಅಧಿಕಾರ ಇರುವವರ ಹೆಸರಾಗಿರಬೇಕು. ಕೆಟ್ಟ ಮೇಲೆ ಹುಡುಕಿ ಬರೆದರೆ ಅದು ಬಲಿಯ ಹೆಸರು. ಬ್ಯಾಂಕಿನವಳು ಇದನ್ನು ಬೋರ್ಡಿನ ಮೇಲೆ ಬರೆದಳು. ಫೋನು ಮಾಡಿ ಕೇಳಿ ಎಂಬ ನಿಯಮವನ್ನೂ ತಿದ್ದಿದೆವು: ಕೇಳಲು ಎರಡು ದಾರಿಯಾದರೂ ಇರಬೇಕು, ಅದರಲ್ಲಿ ಒಂದು ಬರಹದ್ದು.

ನಾಲ್ಕನೇ ತಾರೀಕು ಹೊರಟು ಬರುತ್ತೇನೆ. ನಿನ್ನ ಪಕ್ಕ ಕೂತು ಅವರ ಜೊತೆ ನಾನು ಮಾತಾಡುತ್ತೇನೆ. ಅವರು ಏನಂದರೂ ನಿನಗೆ ಬರೆದು ತೋರಿಸುತ್ತೇನೆ. ದಯವಿಟ್ಟು ಅಲ್ಲಿಯವರೆಗೆ ತಡಿ.

ಚೂಟಿ


ಅಕ್ಟೋಬರ್ ೨೫

ಚೂಟಿ,

ಬರಬೇಡ. ನನ್ನ ಬದಲು ನೀನು ಕೇಳಿಸಿಕೊಳ್ಳುವುದು ಬೇಡ. ಚಿಕ್ಕಂದಿನಿಂದ ಎಲ್ಲರೂ ಅದನ್ನೇ ಮಾಡಿದ್ದಾರೆ, ಕೇಳಿಸಿಕೊಂಡದ್ದರಲ್ಲಿ ಅರ್ಧ ಮಾತ್ರ ನನಗೆ ಹೇಳಿದ್ದಾರೆ.

ಸಹಿಯ ಬಗ್ಗೆ ಯೋಚಿಸುತ್ತಿದ್ದೇನೆ. ಆ ಕಾಗದದ ಪ್ರತಿ ನನ್ನ ಹತ್ತಿರ ಇದೆ. ನಿನ್ನ ಆಗಸ್ಟ್ ಮೂರರ ಕಾಗದವೂ ಇದೆ. ನಾನು ದಾಖಲೆಯವಳು, ಏನನ್ನೂ ತೂಕಕ್ಕೆ ಹಾಕುವುದಿಲ್ಲ.

ಅಕ್ಕ


ನವೆಂಬರ್ ೬

ಚೂಟಿ,

ನಿನ್ನೆ ಹನ್ನೊಂದು ಗಂಟೆಗೆ ಅಧೀಕ್ಷಕರ ಕೋಣೆ. ಅವರು, ಆಡಳಿತಾಧಿಕಾರಿ, ಕಂಪ್ಯೂಟರ್ ವಿಭಾಗದ ಮುಖ್ಯಸ್ಥ, ಒಬ್ಬ ವಕೀಲ. ಮೇಜಿನ ಮೇಲೆ ನಾನು ಸಹಿ ಹಾಕಬೇಕಾದ ಕಾಗದ, ಅದರ ಮೇಲೊಂದು ಪೆನ್ನನ್ನೂ ತಯಾರಾಗಿ ಇಟ್ಟಿದ್ದರು. ಅದನ್ನು ಪಕ್ಕಕ್ಕೆ ಸರಿಸಿ ನನ್ನ ಪ್ರತಿಯನ್ನು ಮುಂದಿಟ್ಟೆ.

ಹಿಂದಿನ ದಿನವೇ ಕೆಂಪು ಶಾಯಿಯಲ್ಲಿ ತಿದ್ದಿದ್ದೆ, ನೀನು ಮಕ್ಕಳದ್ದನ್ನು ತಿದ್ದುವ ಹಾಗೆ. 'ಐದನೇ ತಾರೀಕಿನೊಳಗೆ ತಪ್ಪದೆ' ಎಂಬುದರ ಕೆಳಗೆ ಗೆರೆ ಎಳೆದು, ಅವಸರ ಎಂದು ಬರೆದಿದ್ದೆ. 'ತಪ್ಪಿದಲ್ಲಿ ಶಿಸ್ತುಕ್ರಮ' ಎಂಬುದರ ಪಕ್ಕ, ಬೆದರಿಕೆ. 'ಆಡಳಿತ ಮಂಡಳಿಯ ಅಧ್ಯಕ್ಷರ ಅಪೇಕ್ಷೆಯ ಮೇರೆಗೆ' ಎಂಬಲ್ಲಿ, ದೊಡ್ಡವರ ಹೆಸರು. 'ಈ ವಿಷಯ ಗೋಪ್ಯವಾಗಿಡತಕ್ಕದ್ದು' ಎಂಬಲ್ಲಿ, ಗುಟ್ಟು. ಕೆಳಗೆ ನನ್ನ ಷರಾ: 'ಮೋಸದ ಪತ್ರಕ್ಕೆ ಬೇಕಾದ ನಾಲ್ಕು ಗುರುತೂ ಇವೆ, ಒಂದೂ ಬಿಟ್ಟಿಲ್ಲ. ಆಗಸ್ಟಿನಲ್ಲಿ ಇಂಥದೇ ಕಾಗದವನ್ನು ನಂಬಿ ಆಸ್ಪತ್ರೆಗೆ ನಷ್ಟ ಮಾಡಿದೆ. ಎರಡನೇ ಸಲ ನಂಬುವುದಿಲ್ಲ. ಹತ್ತಕ್ಕೆ ಹತ್ತು.' ನೀನು ಕುಲಸಚಿವರಿಗೆ ಅಂಕ ಹಾಕಿದ್ದು ಗೊತ್ತಿಲ್ಲದೆ. ನಾನು ಗೊತ್ತಿದ್ದೇ ಹಾಕಿದೆ.

ಅದರ ಜೊತೆಗೆ ನನ್ನ ಎರಡು ಅರ್ಜಿಗಳ ಪ್ರತಿ. ಎರಡರ ಮೇಲೂ ಅವರದೇ ಕಚೇರಿಯ ಸ್ವೀಕೃತಿ ಮೊಹರು ಇದೆ, ಎರಡನೆಯದರಲ್ಲಿ ಆಡಳಿತಾಧಿಕಾರಿಯ ಕೈಬರಹದಲ್ಲಿ 'ನೋಡೋಣ' ಎಂದಿದೆ. ಅದರ ಕೆಳಗೆ ನಿನ್ನ ಐದು ಕಾಲಂ ಎಳೆದು, ನಾಲ್ಕನ್ನು ನಾನೇ ತುಂಬಿ, ಐದನೆಯದನ್ನು ಖಾಲಿ ಬಿಟ್ಟಿದ್ದೆ.

ಅವರು ಓದಿದರು. ಆಮೇಲೆ ನಾಲ್ವರೂ ಒಟ್ಟಿಗೆ ಮಾತಾಡಲು ಶುರು ಮಾಡಿದರು. ಬಾಯಿಗಳು ಅಲ್ಲಾಡುತ್ತಿದ್ದವು, ವಕೀಲನ ಕೈ ಗಾಳಿಯಲ್ಲಿತ್ತು, ಅಧೀಕ್ಷಕರ ಕತ್ತಿನ ನರ ಕಾಣುತ್ತಿತ್ತು. ನನ್ನ ಯಂತ್ರದಲ್ಲಿ ಬರೀ ಗದ್ದಲ. ಮೂವತ್ತು ವರ್ಷ ಇಂಥ ಹೊತ್ತಿನಲ್ಲಿ ನಾನು ತಲೆಯಾಡಿಸಿದ್ದೇನೆ ಚೂಟಿ. ಕೇಳಿಸದಿದ್ದರೂ ಹೂಂ ಅಂದಿದ್ದೇನೆ, ಇವಳಿಗೆ ಎಷ್ಟು ಸಲ ಹೇಳುವುದು ಎಂದು ಮುಖ ಸಿಂಡರಿಸಿಯಾರು ಎಂಬ ಸಂಕೋಚಕ್ಕೆ. ನಿನ್ನೆ ಯಂತ್ರವನ್ನು ಕಿವಿಯಿಂದ ತೆಗೆದೆ. ಮೇಜಿನ ಮೇಲೆ ಅವರಿಗೆಲ್ಲ ಕಾಣುವಂತೆ ಇಟ್ಟೆ. ಕಿಟಕಿಯಿಂದ ನನ್ನ ಪ್ಯಾಡು ಬಿಚ್ಚಿಕೊಂಡು ಹೋಗಿದ್ದೆ, ಅದನ್ನು ಮುಂದೆ ತಳ್ಳಿ, ಮೇಲೆ ನನ್ನ ಕೆಂಪು ಪೆನ್ನು ಇಟ್ಟು, "ನೀವೇನ್ ಹೇಳೋದಿದ್ರೂ ಇದ್ರಲ್ಲಿ ಬರ್ದು, ಕೆಳಗೆ ಹೆಸ್ರು ಹಾಕಿ ಕೊಡಿ. ನಾನು ಕಾಯ್ತೀನಿ" ಅಂದೆ.

ಬಾಯಿಗಳೆಲ್ಲ ನಿಂತವು. ಅಧೀಕ್ಷಕರು ಪ್ಯಾಡನ್ನು ಆಡಳಿತಾಧಿಕಾರಿಯ ಕಡೆ ಸರಿಸಿದರು. ಅವರು ವಕೀಲನ ಕಡೆ. ವಕೀಲ ಕಂಪ್ಯೂಟರ್ ಮುಖ್ಯಸ್ಥನ ಕಡೆ. ಅವನು ಮತ್ತೆ ಅಧೀಕ್ಷಕರ ಕಡೆ. ಮೇಜನ್ನು ಒಂದು ಸುತ್ತು ಹಾಕಿ ಬಂತು, ಯಾರೂ ಪೆನ್ನು ಮುಟ್ಟಲಿಲ್ಲ. ನಾನು ಕಾಲು ಗಂಟೆ ಗೋಡೆ ಗಡಿಯಾರ ನೋಡುತ್ತ ಕಾದೆ. ಆಮೇಲೆ ಯಂತ್ರ ಕಿವಿಗೆ ಹಾಕಿಕೊಂಡು, ಎದ್ದು ಬಂದೆ.

ವಿಚಾರಣೆ ಆಗುತ್ತದೆ, ಆಗಲಿ. ಎಲ್ಲವೂ ಬರಹದಲ್ಲಿ ನಡೆಯಬೇಕು ಎಂದು ಇವತ್ತು ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಂಡೆ. ಏನಾಗುತ್ತದೋ ಗೊತ್ತಿಲ್ಲ. ನಿವೃತ್ತಿಗೆ ಕಳಿಸಬಹುದು, ಇನ್ನೂ ಕೆಟ್ಟದ್ದೂ ಮಾಡಬಹುದು. ಇವತ್ತಂತೂ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದೆ. ಹೃದಯದ ಡಾಕ್ಟರು ಬಂದರು, ಚೀಟಿಯನ್ನು ಅಚ್ಚಿನ ಹಾಗೆ ಬರೆದರು, ಕೊನೆಗೆ ತಮ್ಮ ಹೆಸರನ್ನೂ ಬರೆದು ನನ್ನ ಮುಖ ನೋಡಿ ನಕ್ಕರು. ಸುದ್ದಿ ಹಬ್ಬಿದೆ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ, ಮುಕ್ಕಾಲು ಇಳಿದಿದೆ. ನಿನ್ನ ಕೊನೆಯ ತರಗತಿ ಯಾವ ಶನಿವಾರ ಎಂದು ಬರೆ. ಬರುತ್ತೇನೆ, ಮುಂದಿನ ಬೆಂಚಿನಲ್ಲಿ ಕೂರುತ್ತೇನೆ. ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡಬೇಡ, ತುಟಿ ಕಾಣಬೇಕು.

ನನಗೊಂದು ಕೆಂಪು ಪೆನ್ನು ತೆಗೆದಿಡು. ನನ್ನದನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೇನೆ, ಉತ್ತರ ಬರೆಯಲು ಬೇಕಾಗುತ್ತದೆ.

ಅಕ್ಕ